ಜರ್ಮನಿಗೆ ಹೊರಟ ವರ್ತಕರಿಗೆ ಬೇಕಾದಷ್ಟು ಜರ್ಮನ್

ಜರ್ಮನಿಯ ಹ್ಯಾನೋವರ್ ನಗರದ ಕೈಗಾರಿಕಾ ಮೇಳ 1947ರಲ್ಲಿ ಆರಂಭವಾಯಿತು. 2006 ಹಾಗೂ 2015ರಲ್ಲಿ ಭಾರತವು ಅದರ ಪಾಲುದಾರ ರಾಷ್ಟ್ರವಾಗಿತ್ತು. ಯಂತ್ರೋಪಕರಣಗಳಿಗೆ ಹ್ಯಾನೋವರ್ ಇರುವಂತೆ ಸಾವಯವ ಆಹಾರ ಪದಾರ್ಥಗಳಿಗೆ ನ್ಯೂರೆಂಬರ್ಗ್, ಗೃಹಬಳಕೆಯ ಜವಳಿಗೆ ಫ್ರಾಂಕ್‌ಫರ್ಟ್, ಪ್ಯಾಕಿಂಗ್ ಯಂತ್ರಗಳಿಗೆ ಡ್ಯುಸೆಲ್ಡಾರ್ಫ್ ನಗರಗಳ ಮೇಳಗಳು ಹೆಸರುವಾಸಿಯಾಗಿವೆ. ಇಂತಹ ಮೇಳಗಳಿಗೆ ಹೋಗುವ ಕರ್ನಾಟಕದ ವರ್ತಕರಲ್ಲಿ ‘ಇಂಗ್ಲಿಷ್ ಬಂದರೆ ಸಾಕು’ ಎಂಬ ನಂಬಿಕೆ ಸಾಮಾನ್ಯವಾಗಿದೆ. ಇದು ಅರ್ಧ ಸತ್ಯ. ಮೇಳದ ಮಳಿಗೆಯಲ್ಲಿ ಇಂಗ್ಲಿಷ್ ನಡೆಯುತ್ತದೆ. ಆದರೆ ಇಲ್ಲಿನ ಸಣ್ಣ ಉದ್ಯಮಿಗೆ ಅಲ್ಲಿ ಸಿಗುವ ಸಹಜ ಗ್ರಾಹಕನೆಂದರೆ ಯಾವುದೋ ಸಣ್ಣ ಪಟ್ಟಣದಲ್ಲಿರುವ, ಒಂದು ಕುಟುಂಬದ ಒಡೆತನದ ಮಧ್ಯಮ ಗಾತ್ರದ ಸಂಸ್ಥೆ. ಅದರ ಮಾಲೀಕ ಇಂಗ್ಲಿಷ್ ಆಡಬಹುದು. ಆತನ ಉಗ್ರಾಣಪಾಲಕ, ಲೆಕ್ಕಪತ್ರ ವಿಭಾಗದವರು, ಗೇಟಿನಲ್ಲಿ ಲಾರಿ ತಡೆಯುವವರು ಇಂಗ್ಲಿಷ್ ಆಡುವರೆಂಬ ಭರವಸೆ ಇಲ್ಲ. ಅಲ್ಲಿಂದ ಬರುವ ಪತ್ರಗಳೂ ಅನೇಕ ಸಲ ಜರ್ಮನ್ ಭಾಷೆಯಲ್ಲೇ ಇರುತ್ತವೆ.

ಹಾಗೆಂದು ವರ್ತಕರು ವರ್ಷಗಟ್ಟಲೆ ಕುಳಿತು ಜರ್ಮನ್ ವ್ಯಾಕರಣ ಕಲಿಯಬೇಕೆಂದಲ್ಲ. ವ್ಯವಹಾರಕ್ಕೆ ಮೂರು ಬಗೆಯ ಮಾತುಗಳು ಸಾಕು: ಸೌಜನ್ಯದ ಮಾತು, ಸಂಖ್ಯೆಯ ಮಾತು ಮತ್ತು ಖಚಿತಪಡಿಸಿಕೊಳ್ಳುವ ಮಾತು. ಪ್ರವಾಸಿ ಕೈಪಿಡಿಗಳು ಸಾಮಾನ್ಯವಾಗಿ ಮೊದಲನೆಯದನ್ನು ಕಲಿಸಿ ನಿಲ್ಲುತ್ತವೆ. ಹಣ ಸೋರಿಹೋಗುವುದು ಉಳಿದೆರಡರಲ್ಲಿ. ಈ ಪಾಠವು ಮೂರನ್ನೂ ಕ್ರಮವಾಗಿ ಪರಿಚಯಿಸುತ್ತದೆ.

1. ಉಚ್ಚಾರಣೆ: ಕನ್ನಡಿಗರಿಗೆ ಇರುವ ಅನುಕೂಲ

ಜರ್ಮನ್ ಬಹುಮಟ್ಟಿಗೆ ಬರೆದಂತೆ ಓದುವ ಭಾಷೆ. ಹ್ರಸ್ವ-ದೀರ್ಘ ಸ್ವರಗಳ ಭೇದ ಅದರಲ್ಲಿ ಮುಖ್ಯ. ಎ-ಏ, ಒ-ಓ ಭೇದವನ್ನು ಬಾಲ್ಯದಿಂದಲೇ ಬಲ್ಲ ಕನ್ನಡಿಗರಿಗೆ ಇದು ಕಷ್ಟವಲ್ಲ. ಕೆಲವು ನಿಯಮಗಳನ್ನು ಮಾತ್ರ ನೆನಪಿಡಬೇಕು.

ಡಬ್ಲ್ಯೂ ಅಕ್ಷರವನ್ನು ‘ವ’ ಎಂದೂ, ವಿ ಅಕ್ಷರವನ್ನು ಹೆಚ್ಚಾಗಿ ‘ಫ’ ಎಂದೂ, ಝಡ್ ಅಕ್ಷರವನ್ನು ‘ತ್ಸ’ ಎಂದೂ ಓದಬೇಕು. ಸ್ವರದ ಹಿಂದೆ ಬರುವ ಎಸ್ ಅಕ್ಷರವು ಇಂಗ್ಲಿಷಿನ ‘ಜ಼ೂ’ ಪದದಲ್ಲಿರುವ ‘ಜ಼’ಕಾರವಾಗುತ್ತದೆ. ಪದದ ಆರಂಭದ ಎಸ್-ಟಿ, ಎಸ್-ಪಿ ಜೋಡಿಗಳು ‘ಶ್ಟ’, ‘ಶ್ಪ’ ಎಂದಾಗುತ್ತವೆ. ಪದದ ಕೊನೆಯ ‘ಡ್’, ‘ಗ್’, ‘ಬ್’ ಧ್ವನಿಗಳು ‘ಟ್’, ‘ಕ್’, ‘ಪ್’ ಎಂದು ಗಡುಸಾಗುತ್ತವೆ.

ಸಿ-ಎಚ್ ಜೋಡಿಗೆ ಎರಡು ಧ್ವನಿಗಳಿವೆ. ಆ, ಒ, ಉ ಸ್ವರಗಳ ನಂತರ ಅದು ಗಂಟಲಿನಿಂದ ಉಜ್ಜಿ ಬರುವ ‘ಖ್’. ಇ, ಎ ಸ್ವರಗಳ ನಂತರ ‘ಶ’ಕಾರಕ್ಕೂ ‘ಹ’ಕಾರಕ್ಕೂ ನಡುವಿನ ಮೃದು ಧ್ವನಿ. ಈ ಪಾಠದಲ್ಲಿ ಅದನ್ನು ‘ಶ್’ ಎಂದೇ ಬರೆಯಲಾಗಿದೆ. ಕನ್ನಡದಲ್ಲಿಲ್ಲದ ಸ್ವರಗಳು ಎರಡು. ತುಟಿಯನ್ನು ‘ಊ’ ಎನ್ನುವಂತೆ ದುಂಡಗೆ ಮಾಡಿ ‘ಈ’ ಎಂದರೆ ಮೊದಲನೆಯದು ಬರುತ್ತದೆ. ಇಲ್ಲಿ ಅದನ್ನು ‘ಯು’ ಎಂದು ತೋರಿಸಲಾಗಿದೆ. ತುಟಿಯನ್ನು ‘ಓ’ ಎನ್ನುವಂತೆ ಮಾಡಿ ‘ಏ’ ಎಂದರೆ ಎರಡನೆಯದು. ಅದನ್ನು ‘ಎ’ ಎಂದು ತೋರಿಸಲಾಗಿದೆ.

2. ಸೌಜನ್ಯದ ಮಾತು

ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಸರ್ವನಾಮ. ಜರ್ಮನ್ ಈ ವಿಷಯದಲ್ಲಿ ಕನ್ನಡದಂತೆ. ‘ಜ಼ೀ’ ಎಂದರೆ ನೀವು, ‘ಡೂ’ ಎಂದರೆ ನೀನು. ವ್ಯಾಪಾರದಲ್ಲಿ ಸದಾ ‘ಜ಼ೀ’ ಬಳಸುವುದೇ ಕ್ಷೇಮ. ವಯಸ್ಸಿನಲ್ಲಿ ಅಥವಾ ಹುದ್ದೆಯಲ್ಲಿ ಹಿರಿಯರಾದವರು ತಾವಾಗಿ ‘ಡೂ’ ಎನ್ನೋಣವೆಂದು ಹೇಳುವವರೆಗೆ ಅದನ್ನು ಬಳಸಬಾರದು. ಗಂಡಸರನ್ನು ‘ಹೆರ್’, ಹೆಂಗಸರನ್ನು ‘ಫ್ರೌ’ ಎಂದು ಕುಲನಾಮದೊಡನೆ ಸಂಬೋಧಿಸಬೇಕು. ಅವಿವಾಹಿತೆಯರಿಗೆ ಹಿಂದೆ ಬಳಸುತ್ತಿದ್ದ ‘ಫ್ರಾಯ್‌ಲೈನ್’ ಎಂಬ ಪದ ಬಳಕೆ ತಪ್ಪಿದೆ. ಅದನ್ನು ಆಡಿದರೆ ಅಸಭ್ಯವೆನಿಸುತ್ತದೆ.

ನಿತ್ಯ ಬೇಕಾಗುವ ಮಾತುಗಳು ಹೀಗಿವೆ:

ಗೂಟನ್ ಮೊರ್ಗನ್ – ಬೆಳಗಿನ ನಮಸ್ಕಾರ
ಗೂಟನ್ ಟಾಕ್ – ಹಗಲಿನ ನಮಸ್ಕಾರ
ಗೂಟನ್ ಆಬೆಂಟ್ – ಸಂಜೆಯ ನಮಸ್ಕಾರ
ಔಫ್ ವೀಡರ್‌ಜ಼ೇನ್ – ಹೋಗಿಬರುತ್ತೇನೆ
ಮೈನ್ ನಾಮೆ ಇಸ್ಟ್ … – ನನ್ನ ಹೆಸರು …
ಇಶ್ ಕೊಮ್ಮೆ ಔಸ್ ಇಂಡಿಯೆನ್ – ನಾನು ಭಾರತದಿಂದ ಬಂದಿದ್ದೇನೆ
ಹೀರ್ ಇಸ್ಟ್ ಮೈನೆ ವಿಜ಼ಿಟೆನ್‌ಕಾರ್ಟೆ – ಇದು ನನ್ನ ವಿಸಿಟಿಂಗ್ ಕಾರ್ಡು
ಶ್ಪ್ರೆಶೆನ್ ಜ಼ೀ ಎಂಗ್ಲಿಶ್? – ತಮಗೆ ಇಂಗ್ಲಿಷ್ ಬರುತ್ತದೆಯೇ?
ಬಿಟ್ಟೆ – ದಯವಿಟ್ಟು, ಕೊಡುವಾಗ ‘ತೆಗೆದುಕೊಳ್ಳಿ’
ಡಾಂಕೆ – ಧನ್ಯವಾದ
ಎಂಟ್‌ಶುಲ್ಡಿಗುಂಗ್ – ಕ್ಷಮಿಸಿ

ದಕ್ಷಿಣದ ಬವೇರಿಯಾ ಪ್ರಾಂತದಲ್ಲಿ ‘ಗ್ರ್ಯೂಸ್ ಗಾಟ್’ ಎಂಬ ನಮಸ್ಕಾರವೇ ಹೆಚ್ಚು ಕೇಳಿಬರುತ್ತದೆ. ಕರ್ನಾಟಕ ಮತ್ತು ಬವೇರಿಯಾ ರಾಜ್ಯಗಳ ನಡುವೆ ಸಹಭಾಗಿತ್ವವಿರುವುದರಿಂದ ಇಲ್ಲಿಯ ನಿಯೋಗಗಳಿಗೆ ಇದು ಉಪಯುಕ್ತ.

ಎರಡು ಸೂಕ್ಷ್ಮಗಳನ್ನು ಗಮನಿಸಬೇಕು. ‘ಕಾಫಿ ಬೇಕೇ?’ ಎಂಬ ಪ್ರಶ್ನೆಗೆ ಬರಿಯ ‘ಡಾಂಕೆ’ ಎಂದರೆ ‘ಬೇಡ’ ಎಂಬ ಅರ್ಥ ಬರುತ್ತದೆ. ಬೇಕಿದ್ದರೆ ‘ಯಾ, ಬಿಟ್ಟೆ’ ಎನ್ನಬೇಕು. ಎರಡನೆಯದು ತಲೆಯಾಡಿಸುವುದು. ಅಕ್ಕಪಕ್ಕಕ್ಕೆ ತಲೆ ತೂಗಿ ‘ಆಗಲಿ’ ಎನ್ನುವ ಇಲ್ಲಿನ ಅಭ್ಯಾಸವು ಜರ್ಮನ್ನರಿಗೆ ‘ಇಲ್ಲ’ ಎಂದು ಕಾಣಿಸುತ್ತದೆ. ಇದಕ್ಕೆ ವಿರುದ್ಧವಾಗಿ, ಕೇಳಿಸಿಕೊಳ್ಳುತ್ತಿರುವುದನ್ನು ಸೂಚಿಸಲು ಆಡುವ ‘ಹೌದು, ಹೌದು’ ಎಂಬುದನ್ನು ಅವರು ಒಪ್ಪಿಗೆ ಎಂದು ಬರೆದುಕೊಳ್ಳುವ ಸಂಭವವಿದೆ.

3. ಸಂಖ್ಯೆಯ ಮಾತು

1ರಿಂದ 12ರವರೆಗೆ: ಐನ್ಸ್, ತ್ಸ್ವೈ, ಡ್ರೈ, ಫೀರ್, ಫ್ಯುನ್ಫ್, ಜ಼ೆಕ್ಸ್, ಜ಼ೀಬೆನ್, ಆಖ್ಟ್, ನಾಯ್ನ್, ತ್ಸೇನ್, ಎಲ್ಫ್, ತ್ಸ್ವೆಲ್ಫ್. 13ರಿಂದ ‘ತ್ಸೇನ್’ ಸೇರುತ್ತದೆ: ಡ್ರೈತ್ಸೇನ್, ಫೀರ್‌ತ್ಸೇನ್. ಹತ್ತುಗಳು: 20 ತ್ಸ್ವಾನ್‌ತ್ಸಿಶ್, 30 ಡ್ರೈಸಿಶ್, 40 ಫೀರ್‌ತ್ಸಿಶ್, 50 ಫ್ಯುನ್ಫ್‌ತ್ಸಿಶ್, 60 ಜ಼ೆಶ್‌ತ್ಸಿಶ್, 70 ಜ಼ೀಪ್‌ತ್ಸಿಶ್, 80 ಆಖ್ಟ್‌ತ್ಸಿಶ್, 90 ನಾಯ್ನ್‌ತ್ಸಿಶ್. ನೂರು ‘ಹುಂಡರ್ಟ್’, ಸಾವಿರ ‘ಟೌಜ಼ೆಂಟ್’. ಎರಡು ಮತ್ತು ಮೂರು ದೂರವಾಣಿಯಲ್ಲಿ ಒಂದೇ ಬಗೆಯಾಗಿ ಕೇಳಿಸುವುದರಿಂದ ಎರಡನ್ನು ‘ತ್ಸ್ವೋ’ ಎನ್ನುವ ರೂಢಿಯಿದೆ.

21ರಿಂದ ಮುಂದಕ್ಕೆ ಎಚ್ಚರ ಬೇಕು. ಕನ್ನಡದಲ್ಲಿ ಇಪ್ಪತ್ತು ಮೊದಲು, ಒಂದು ಆಮೇಲೆ: ಇಪ್ಪತ್ತೊಂದು. ಜರ್ಮನ್ನಿನಲ್ಲಿ ಬಿಡಿ ಮೊದಲು, ಹತ್ತು ಆಮೇಲೆ: ‘ಐನ್‌ಉಂಟ್‌ತ್ಸ್ವಾನ್‌ತ್ಸಿಶ್’, ಅಂದರೆ ಒಂದು-ಮತ್ತು-ಇಪ್ಪತ್ತು. ಸಂಸ್ಕೃತದ ಏಕವಿಂಶತಿ, ಪಂಚವಿಂಶತಿ ಪದಗಳನ್ನು ನೆನೆದರೆ ಈ ಕ್ರಮ ಹೊಸದೆನಿಸದು.

ಬೆಳಗಾವಿಯ ಒಬ್ಬ ಎರಕದ ಉದ್ಯಮಿ 500 ಬಿಡಿಭಾಗಗಳಿಗೆ ದರ ಮಾತನಾಡುತ್ತಿದ್ದಾರೆಂದು ಇಟ್ಟುಕೊಳ್ಳೋಣ. ಗ್ರಾಹಕ ‘ಆಖ್ಟ್‌ಉಂಟ್‌ಫೀರ್‌ತ್ಸಿಶ್’ ಎನ್ನುತ್ತಾನೆ. ಮೊದಲು ಕೇಳಿದ ‘ಎಂಟು’, ನಂತರ ಕೇಳಿದ ‘ನಾಲ್ಕು’ ಸೇರಿಸಿ ಉದ್ಯಮಿ 84 ಯೂರೋ ಎಂದು ಬರೆದುಕೊಳ್ಳುತ್ತಾರೆ. ಹೇಳಿದ್ದು 48. ಉದ್ಯಮಿಯ ಲೆಕ್ಕದಲ್ಲಿ ವ್ಯವಹಾರ 42,000 ಯೂರೋ. ಗ್ರಾಹಕನ ಲೆಕ್ಕದಲ್ಲಿ 24,000. ಒಂದು ಪದದ ಕ್ರಮ ತಪ್ಪಿದ್ದಕ್ಕೆ ವ್ಯತ್ಯಾಸ 18,000 ಯೂರೋ.

ಇದಕ್ಕೆ ಸರಳ ಉಪಾಯವಿದೆ. ಮೊದಲು ಕೇಳಿದ ಬಿಡಿ ಅಂಕಿಯನ್ನು ಬಲಕ್ಕೆ ಬರೆದು ಎಡಕ್ಕೆ ಒಂದು ಸ್ಥಾನ ಖಾಲಿ ಬಿಡಬೇಕು. ಹತ್ತರ ಅಂಕಿ ಕೇಳಿದ ಮೇಲೆ ಅದನ್ನು ತುಂಬಬೇಕು. ನೂರುಗಳು ಮಾತ್ರ ಮೊದಲೇ ಬರುತ್ತವೆ: 384 ಎಂಬುದು ‘ಡ್ರೈಹುಂಡರ್ಟ್-ಫೀರ್‌ಉಂಟ್‌ಆಖ್ಟ್‌ತ್ಸಿಶ್’, ಮುನ್ನೂರು-ನಾಲ್ಕು-ಮತ್ತು-ಎಂಬತ್ತು. ದೂರವಾಣಿ ಸಂಖ್ಯೆಯನ್ನು ಎರಡೆರಡು ಅಂಕಿಗಳಾಗಿ ಹೇಳುವವರೂ ಇದ್ದಾರೆ. ಆಗ ‘ಐನ್‌ತ್ಸೆಲ್ನ್, ಬಿಟ್ಟೆ’ (ಒಂದೊಂದಾಗಿ ಹೇಳಿ) ಎನ್ನಬೇಕು.

ಬರಹದಲ್ಲಿಯೂ ಭೇದಗಳಿವೆ. ಜರ್ಮನ್ನರು ದಶಮಾಂಶಕ್ಕೆ ಅಲ್ಪವಿರಾಮವನ್ನೂ ಸಾವಿರ ಬೇರ್ಪಡಿಸಲು ಚುಕ್ಕಿಯನ್ನೂ ಬಳಸುತ್ತಾರೆ. ಅವರ ಬಿಲ್ಲಿನಲ್ಲಿ 12.500,00 ಎಂದಿದ್ದರೆ ಹನ್ನೆರಡು ಸಾವಿರದ ಐನೂರು. ತೂಕದ ಕಾಲಮಿನಲ್ಲಿ 2,500 ಕಿಲೋ ಎಂದಿದ್ದರೆ ಎರಡೂವರೆ ಕಿಲೋ, ಎರಡೂವರೆ ಸಾವಿರ ಕಿಲೋ ಅಲ್ಲ. ನಕ್ಷೆಯ ಅಳತೆಗಳಲ್ಲಿ ಈ ತಪ್ಪಾದರೆ ಇಡೀ ಸರಕು ತಿರಸ್ಕೃತವಾಗಬಹುದು. ಕೈಬರಹದಲ್ಲಿ ಅವರ 1 ಎಂಬ ಅಂಕಿಗೆ ಉದ್ದವಾದ ಏರುಗೆರೆ ಇರುವುದರಿಂದ ಇಲ್ಲಿಯವರಿಗೆ 7ರಂತೆ ಕಾಣುತ್ತದೆ. ಅವರ 7ಕ್ಕೆ ನಡುವೆ ಅಡ್ಡಗೆರೆ ಇರುತ್ತದೆ.

4. ಗಂಟೆ ಮತ್ತು ವಾರ

‘ಹಾಲ್ಪ್’ ಎಂದರೆ ಅರ್ಧ. ‘ಹಾಲ್ಪ್ ಆಖ್ಟ್’ ಎಂದರೆ ಎಂಟೂವರೆ ಎಂದು ಭಾವಿಸುವುದು ಸಹಜ. ಆದರೆ ಅದು ಏಳೂವರೆ. ಕನ್ನಡದಲ್ಲಿ ಕಳೆದ ಗಂಟೆಗೆ ಅರ್ಧ ಕೂಡಿಸಿದರೆ ಜರ್ಮನ್ನಿನಲ್ಲಿ ಬರಲಿರುವ ಗಂಟೆಯ ಕಡೆಗೆ ಅರ್ಧ ದಾರಿ ಎಂದು ಎಣಿಸುತ್ತಾರೆ. ಸಮಯಪಾಲನೆಯನ್ನು ವಿಶ್ವಾಸಾರ್ಹತೆಯ ಮೊದಲ ಗುರುತೆಂದು ಕಾಣುವ ಗ್ರಾಹಕನ ಬಳಿಗೆ ಒಂದು ಗಂಟೆ ತಡವಾಗಿ ಹೋದರೆ ಮಾದರಿ ಎಷ್ಟು ಚೆನ್ನಾಗಿದ್ದರೂ ಮಾತು ಮುಂದುವರಿಯುವುದು ಕಷ್ಟ. ‘ಫೀರ್ಟೆಲ್ ನಾಖ್ ಆಖ್ಟ್’ ಎಂಟೂಕಾಲು. ‘ಫೀರ್ಟೆಲ್ ಫೋರ್ ಆಖ್ಟ್’ ಏಳೂಮುಕ್ಕಾಲು. ಭೇಟಿಯ ಸಮಯವನ್ನು 24 ಗಂಟೆಯ ಕ್ರಮದಲ್ಲಿ ಬರೆಸಿಕೊಳ್ಳುವುದು ಉತ್ತಮ.

ಇಶ್ ಹಾಬೆ ಐನೆನ್ ಟೆರ್ಮೀನ್ ಮಿಟ್ ಫ್ರೌ … – ಶ್ರೀಮತಿ … ಅವರೊಂದಿಗೆ ನನ್ನ ಭೇಟಿ ನಿಗದಿಯಾಗಿದೆ

ಸರಬರಾಜಿನ ಗಡುವನ್ನು ಅನೇಕ ಸಂಸ್ಥೆಗಳು ದಿನಾಂಕದ ಬದಲು ವಾರದ ಸಂಖ್ಯೆಯಲ್ಲಿ ಸೂಚಿಸುತ್ತವೆ. ಆದೇಶದಲ್ಲಿ ‘ಕೆ.ಡಬ್ಲ್ಯೂ. 36’ ಎಂದಿದ್ದರೆ ಅದು ‘ಕಾಲೆಂಡರ್‌ವೊಖೆ’, ಅಂದರೆ ವರ್ಷದ 36ನೆಯ ವಾರ. ವಾರ ಸೋಮವಾರ ಆರಂಭವಾಗುತ್ತದೆ. ಜನವರಿ 4ನೆಯ ತಾರೀಖು ಇರುವ ವಾರವೇ ಮೊದಲನೆಯದು. ಈ ಪ್ರಕಾರ 2026ರ 36ನೆಯ ವಾರವೆಂದರೆ ಆಗಸ್ಟ್ 31ರಿಂದ ಸೆಪ್ಟೆಂಬರ್ 6. ಹಡಗಿನಲ್ಲಿ ಸರಕು ಕಳುಹಿಸುವವರು ಈ ವಾರದಿಂದ ಹಿಂದಕ್ಕೆ ಎಣಿಸಿ ಉತ್ಪಾದನೆಯ ಯೋಜನೆ ಹಾಕಬೇಕು. ಆ ವಾರದಲ್ಲಿ ಸರಕು ತಮ್ಮ ಬಾಗಿಲಿಗೆ ಬರಬೇಕೋ, ಕಾರ್ಖಾನೆಯಿಂದ ಹೊರಡಬೇಕೋ ಎಂಬುದನ್ನೂ ಕೇಳಿ ತಿಳಿಯಬೇಕು. ‘ಆಪ್ ವೆರ್ಕ್’ ಎಂದರೆ ಮಾರಾಟಗಾರನ ಕಾರ್ಖಾನೆಯಲ್ಲಿ ಹಸ್ತಾಂತರ. ‘ಫ್ರೈ ಹೌಸ್’ ಎಂದರೆ ಸಾಗಣೆ ವೆಚ್ಚ ಮಾರಾಟಗಾರನದು, ಕೊಳ್ಳುವವನ ಬಾಗಿಲವರೆಗೆ.

5. ಕಾಗದಪತ್ರಗಳ ಹೆಸರು

ವ್ಯವಹಾರವೊಂದರಲ್ಲಿ ಕ್ರಮವಾಗಿ ಬರುವ ಪತ್ರಗಳ ತಲೆಬರಹ ಗುರುತಿಸಲು ಬಂದರೆ ಯಾವುದನ್ನು ಮೊದಲು ಅನುವಾದಿಸಬೇಕೆಂಬುದು ತಿಳಿಯುತ್ತದೆ.

ಆನ್‌ಫ್ರಾಗೆ – ದರ ವಿಚಾರಣೆ
ಆನ್‌ಗೆಬೋಟ್ – ಕೊಟೇಶನ್
ಬೆಶ್ಟೆಲ್ಲುಂಗ್ – ಖರೀದಿ ಆದೇಶ
ಔಫ್‌ಟ್ರಾಕ್ಸ್‌ಬೆಶ್ಟೇಟಿಗುಂಗ್ – ಆದೇಶ ದೃಢೀಕರಣ
ಲೀಫರ್‌ಶೈನ್ – ಡೆಲಿವರಿ ಚಲನ್
ರೆಶ್ನುಂಗ್ – ಬಿಲ್ಲು
ಮಾನುಂಗ್ – ಬಾಕಿ ಪಾವತಿಗೆ ನೆನಪೋಲೆ

ಪಾವತಿಯ ಷರತ್ತಿನಲ್ಲಿ ‘ಸ್ಕಾಂಟೊ’ ಎಂಬ ಪದ ಕಂಡರೆ ನಿಂತು ಓದಬೇಕು. ಬೇಗ ಹಣ ಕೊಡುವವನು ಕಡಿದುಕೊಳ್ಳುವ ರಿಯಾಯಿತಿ ಅದು. ‘10 ದಿನಕ್ಕೆ ಶೇ. 2 ಸ್ಕಾಂಟೊ, 30 ದಿನ ನೆಟ್ಟೊ’ ಎಂದು ಒಪ್ಪಿದ್ದರೆ 20,000 ಯೂರೋ ಬಿಲ್ಲಿಗೆ ಹತ್ತು ದಿನದೊಳಗೆ 19,600 ಯೂರೋ ಬರುತ್ತದೆ. ಕೊಳ್ಳುವವನು 20 ದಿನ ಮುಂಚಿತವಾಗಿ ಹಣ ಕೊಟ್ಟು 400 ಯೂರೋ ಉಳಿಸಿದಂತಾಯಿತು. ವಾರ್ಷಿಕ ಬಡ್ಡಿಯ ಲೆಕ್ಕದಲ್ಲಿ ಇದು ಶೇ. 37ಕ್ಕೂ ಹೆಚ್ಚು. ಆದ್ದರಿಂದ ಕೈಯಲ್ಲಿ ಹಣವಿರುವ ಕೊಳ್ಳುವವನು ಈ ಅವಕಾಶವನ್ನು ಬಿಡುವುದಿಲ್ಲ. ಸ್ಕಾಂಟೊ ಕೇಳುವ ಗ್ರಾಹಕನಿಗೆ ದರ ಹೇಳುವಾಗಲೇ ಅದನ್ನು ಸೇರಿಸಿ ಲೆಕ್ಕ ಹಾಕಬೇಕು. ರಫ್ತು ಬಿಲ್ಲಿನಲ್ಲಿಯೂ ಷರತ್ತನ್ನು ನಮೂದಿಸಬೇಕು. ಬಿಲ್ಲಿನಲ್ಲಿಲ್ಲದ ಕಡಿತಕ್ಕೆ ಬ್ಯಾಂಕು ವಿವರಣೆ ಕೇಳುತ್ತದೆ.

‘ನೆಟ್ಟೊ’ ಪದಕ್ಕೆ ಎರಡು ಅರ್ಥಗಳಿವೆ. ಪಾವತಿಯ ಷರತ್ತಿನಲ್ಲಿ ‘ಕಡಿತವಿಲ್ಲದೆ’. ದರಪಟ್ಟಿಯಲ್ಲಿ ‘ತೆರಿಗೆ ಸೇರದೆ’. ತೆರಿಗೆ ಸೇರಿದ್ದರೆ ‘ಬ್ರುಟ್ಟೊ’. ಮುಂಗಡ ಪಾವತಿಗೆ ‘ಫೋರ್‌ಕಾಸ್ಸೆ’ ಎನ್ನುತ್ತಾರೆ.

ಸಹಿಯ ಮುಂದಿನ ಅಕ್ಷರಗಳನ್ನೂ ನೋಡಬೇಕು. ‘ಪಿ.ಪಿ.ಎ.’ ಎಂದಿದ್ದರೆ ಸಹಿ ಮಾಡಿದವರು ‘ಪ್ರೊಕುರಿಸ್ಟ್’. ಅವರ ಅಧಿಕಾರವು ವಾಣಿಜ್ಯ ನೋಂದಣಿ ಪುಸ್ತಕದಲ್ಲಿ ದಾಖಲಾಗುತ್ತದೆ. ‘ಐ.ವಿ.’ ಎಂದರೆ ಸೀಮಿತ ಅಧಿಕಾರದ ಪ್ರತಿನಿಧಿ, ‘ಐ.ಎ.’ ಎಂದರೆ ಇನ್ನೊಬ್ಬರ ಪರವಾಗಿ ಕೇವಲ ಸಹಿ ಮಾಡಿದವರು. ದೊಡ್ಡ ಮೊತ್ತದ ಆದೇಶದ ಕೆಳಗೆ ‘ಐ.ಎ.’ ಮಾತ್ರ ಇದ್ದರೆ ಮೇಲಿನವರಿಂದ ದೃಢೀಕರಣ ಕೇಳುವುದರಲ್ಲಿ ತಪ್ಪಿಲ್ಲ.

6. ವೇಷ ಒಂದು, ಅರ್ಥ ಬೇರೆ

ಇಂಗ್ಲಿಷ್ ಬಲ್ಲವರನ್ನು ದಾರಿ ತಪ್ಪಿಸುವ ಕೆಲವು ಜರ್ಮನ್ ಪದಗಳಿವೆ.

‘ಎವೆಂಟುಎಲ್’ ಎಂದರೆ ‘ಬಹುಶಃ’. ಇಂಗ್ಲಿಷಿನ ‘ಇವೆಂಚುವಲಿ’ಯಂತೆ ‘ಕೊನೆಗೆ ಖಂಡಿತ’ ಎಂದಲ್ಲ. ‘ಎವೆಂಟುಎಲ್ ಕೊಳ್ಳುತ್ತೇವೆ’ ಎಂಬ ಮಾತನ್ನು ನಂಬಿ ಕಚ್ಚಾಮಾಲು ತರಿಸಬಾರದು.
‘ಪ್ರೊವಿಜ಼ಿಯೋನ್’ ಎಂದರೆ ದಲ್ಲಾಳಿ ಕಮಿಷನ್. ಲೆಕ್ಕಪತ್ರದ ‘ಪ್ರಾವಿಷನ್’ ಅಲ್ಲ.
‘ಬಿಲ್ಯೋನ್’ ಎಂದರೆ ಒಂದು ಲಕ್ಷ ಕೋಟಿ. ನೂರು ಕೋಟಿಗೆ ಅವರ ಪದ ‘ಮಿಲ್ಯಾರ್ಡೆ’.
‘ಶೆಫ್’ ಎಂದರೆ ಅಡುಗೆಯವನಲ್ಲ, ಸಂಸ್ಥೆಯ ಯಜಮಾನ.
‘ಬೆಕೊಮ್ಮೆನ್’ ಎಂದರೆ ‘ಪಡೆಯುವುದು’.
‘ಗಿಫ್ಟ್’ ಎಂದರೆ ವಿಷ. ತಿನಿಸಿನ ಪೊಟ್ಟಣದ ಮೇಲೆ ಈ ಪದವನ್ನು ದೊಡ್ಡದಾಗಿ ಮುದ್ರಿಸುವ ಮುನ್ನ ಯೋಚಿಸುವುದು ಒಳ್ಳೆಯದು.

7. ರೈಲು ಮತ್ತು ಊಟ

ರೈಲು ನಿಲ್ದಾಣ ‘ಬಾನ್‌ಹೋಫ್’, ಪ್ಲಾಟ್‌ಫಾರಂ ಸಂಖ್ಯೆ ‘ಗ್ಲೈಸ್’, ಒಳದಾರಿ ‘ಐನ್‌ಗಾಂಗ್’, ಹೊರದಾರಿ ‘ಔಸ್‌ಗಾಂಗ್’. ಹೋಗಿಬರುವ ಟಿಕೆಟಿಗೆ ‘ಹಿನ್ ಉಂಟ್ ತ್ಸುರ್ಯುಕ್’ ಎನ್ನಬೇಕು. ಫಲಕದಲ್ಲಿ ‘ಫೆರ್‌ಶ್ಪೇಟುಂಗ್’ ಎಂದರೆ ತಡ, ‘ಫೆಲ್ಟ್ ಔಸ್’ ಎಂದರೆ ಗಾಡಿ ರದ್ದು. ಅನೇಕ ನಗರಗಳಲ್ಲಿ ಮುದ್ರಿತ ಟಿಕೆಟನ್ನು ಕೊಂಡರೆ ಸಾಲದು. ಹತ್ತುವ ಮೊದಲು ಪೆಟ್ಟಿಗೆಯಲ್ಲಿ ಮುದ್ರೆ ಹಾಕಿಸಬೇಕು. ಇದಕ್ಕೆ ‘ಎಂಟ್‌ವೇರ್ಟೆನ್’ ಎಂದು ಹೆಸರು. ಟಿಕೆಟ್ ಇಲ್ಲದವರಿಗೆ ವಿಧಿಸುವ ದಂಡವನ್ನು 2015ರಲ್ಲಿ 40 ಯೂರೋದಿಂದ 60 ಯೂರೋಗೆ ಏರಿಸಲಾಯಿತು. ಮುದ್ರೆ ಹಾಕಿಸದ ಟಿಕೆಟ್ ಇದ್ದವರೂ ಈ ದಂಡಕ್ಕೆ ಗುರಿಯಾಗಬಹುದು.

ಶಾಕಾಹಾರಿಗಳು ‘ಇಶ್ ಬಿನ್ ವೆಗೆಟಾರಿಯರ್’ (ಮಹಿಳೆಯರು ‘ವೆಗೆಟಾರಿಯೆರಿನ್’) ಎಂದಷ್ಟೇ ಹೇಳಿದರೆ ಮೊಟ್ಟೆ ಬಂದೀತು. ‘ಓನೆ ಫ್ಲೈಶ್, ಓನೆ ಫಿಶ್, ಓನೆ ಐ’ (ಮಾಂಸವಿಲ್ಲದೆ, ಮೀನಿಲ್ಲದೆ, ಮೊಟ್ಟೆಯಿಲ್ಲದೆ) ಎಂದು ಬಿಡಿಸಿ ಹೇಳಬೇಕು. ತರಕಾರಿ ಸೂಪನ್ನು ಮಾಂಸದ ರಸದಲ್ಲಿ ಮಾಡುವುದುಂಟು; ಆಲೂಗಡ್ಡೆಯಲ್ಲಿ ‘ಶ್ಪೆಕ್’ ಎಂಬ ಹಂದಿಮಾಂಸದ ಚೂರುಗಳು ಇರುವುದುಂಟು. ಬಿಲ್ಲು ತರಿಸಲು ‘ತ್ಸಾಲೆನ್, ಬಿಟ್ಟೆ’. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುವುದರಿಂದ ಬೇಕಾದುದನ್ನು ಶನಿವಾರವೇ ಕೊಳ್ಳಬೇಕು. ತುರ್ತು ವೈದ್ಯಕೀಯ ನೆರವಿಗೆ 112, ಪೊಲೀಸರಿಗೆ 110 ಸಂಖ್ಯೆ.

8. ಖಚಿತಪಡಿಸಿಕೊಳ್ಳುವ ಮಾತು

ಇಡೀ ಪಾಠದಲ್ಲಿ ಇವುಗಳನ್ನು ಮಾತ್ರ ಕಂಠಪಾಠ ಮಾಡಿದರೂ ಪ್ರಯಾಣದ ಖರ್ಚು ವ್ಯರ್ಥವಾಗದು:

ಇಶ್ ಫೆರ್‌ಶ್ಟೇಎ ನಿಶ್ಟ್ – ನನಗೆ ಅರ್ಥವಾಗಲಿಲ್ಲ
ಲಾಂಗ್‌ಜ಼ಾಮ್, ಬಿಟ್ಟೆ – ನಿಧಾನವಾಗಿ ಹೇಳಿ
ನೊಖ್ ಐನ್‌ಮಾಲ್, ಬಿಟ್ಟೆ – ಇನ್ನೊಮ್ಮೆ ಹೇಳಿ
ಬಿಟ್ಟೆ ಶ್ರೈಬೆನ್ ಜ಼ೀ ಡಾಸ್ ಔಫ್ – ದಯವಿಟ್ಟು ಅದನ್ನು ಬರೆದುಕೊಡಿ
ಡಾಸ್ ಮುಸ್ ಇಶ್ ಪ್ರ್ಯೂಫೆನ್ – ಅದನ್ನು ನಾನು ಪರಿಶೀಲಿಸಬೇಕು
ಇಶ್ ಆಂಟ್‌ವೋರ್ಟೆ ಶ್ರಿಫ್ಟ್‌ಲಿಶ್ – ಲಿಖಿತವಾಗಿ ಉತ್ತರಿಸುತ್ತೇನೆ
ವೀರ್ ವೀಡರ್‌ಶ್ಪ್ರೆಶೆನ್ – ನಾವು ಇದಕ್ಕೆ ಆಕ್ಷೇಪಿಸುತ್ತೇವೆ

ಕೊನೆಯ ಮಾತು ಏಕೆ ಬೇಕೆಂಬುದಕ್ಕೆ ಕಾರಣವಿದೆ. ಭಾರತೀಯ ಕರಾರು ಕಾಯಿದೆ, 1872ರ 5ನೆಯ ಕಲಮಿನಂತೆ, ಮುಂದಿಟ್ಟ ಪ್ರಸ್ತಾಪವನ್ನು ಅದರ ಅಂಗೀಕಾರದ ಸಂವಹನ ಪೂರ್ಣವಾಗುವ ಮೊದಲು ಹಿಂತೆಗೆದುಕೊಳ್ಳಬಹುದು. 1900ರ ಜನವರಿ 1ರಿಂದ ಜಾರಿಯಲ್ಲಿರುವ ಜರ್ಮನ್ ನಾಗರಿಕ ಸಂಹಿತೆಯ 145ನೆಯ ಕಲಮು ಬೇರೆ ರೀತಿಯದು: ಪ್ರಸ್ತಾಪ ಮಾಡಿದವನು, ತಾನು ಬದ್ಧನಲ್ಲವೆಂದು ಮೊದಲೇ ತಿಳಿಸದಿದ್ದರೆ, ಅದಕ್ಕೆ ಬದ್ಧ. ಆದುದರಿಂದಲೇ ಜರ್ಮನ್ ವರ್ತಕರು ತಮ್ಮ ಕೊಟೇಶನ್ನುಗಳ ಮೇಲೆ ‘ಫ್ರೈಬ್ಲೈಬೆಂಟ್’ (ಬದ್ಧತೆಯಿಲ್ಲದೆ) ಎಂದು ಬರೆಯುತ್ತಾರೆ. ಉಕ್ಕಿನ ದರ ಏರಿಳಿಯುವ ಕಾಲದಲ್ಲಿ ದರ ಕಳುಹಿಸುವ ಇಲ್ಲಿನ ಉದ್ಯಮಿಗೂ ಈ ಒಂದು ಪದ, ಅಥವಾ ದರ ಯಾವ ದಿನಾಂಕದವರೆಗೆ ಎಂಬ ಸ್ಪಷ್ಟ ನಮೂದು, ರಕ್ಷಣೆಯಾಗುತ್ತದೆ.

ಇನ್ನೂ ಮುಖ್ಯವಾದುದು ಮೌನದ ಬೆಲೆ. ವರ್ತಕರಿಬ್ಬರು ಬಾಯಿಮಾತಿನಲ್ಲಿ ವ್ಯವಹಾರ ಕುದುರಿಸಿದ ಮೇಲೆ ಒಬ್ಬರು ಅದನ್ನು ಪತ್ರದಲ್ಲಿ ಬರೆದು ಕಳುಹಿಸುವ ರೂಢಿ ಜರ್ಮನಿಯಲ್ಲಿದೆ. ಪತ್ರ ತಲುಪಿದವನು ತಡಮಾಡದೆ ಆಕ್ಷೇಪಿಸದಿದ್ದರೆ ಅದರಲ್ಲಿರುವುದನ್ನು ಒಪ್ಪಿದಂತೆಯೇ ಎಂಬುದು ಅಲ್ಲಿಯ ವರ್ತಕರ ನಡುವಿನ ಮಾನ್ಯ ಪದ್ಧತಿ. ‘ಮೌನಂ ಸಮ್ಮತಿ ಲಕ್ಷಣಂ’ ಎಂಬುದು ಇಲ್ಲಿ ಗಾದೆಯಾದರೆ ಅಲ್ಲಿ ವ್ಯಾಪಾರದ ನಿಯಮ.

ಬೆಳಗಾವಿಯ ಉದ್ಯಮಿಯ ಉದಾಹರಣೆಯನ್ನೇ ಮುಂದುವರಿಸೋಣ. ಮೇಳದಲ್ಲಿ 30 ದಿನದ ಪಾವತಿಗೆ ಮಾತಾಗಿದೆ. ಊರಿಗೆ ಮರಳಿದ ಮೂರನೆಯ ದಿನ ಎರಡು ಪುಟದ ಜರ್ಮನ್ ಪತ್ರ ಬರುತ್ತದೆ. ಅದರಲ್ಲಿ ಶೇ. 3 ಸ್ಕಾಂಟೊ ಎಂಬ ಸಾಲೊಂದು ಸೇರಿದೆ. ‘ಯಾರಿಂದಲಾದರೂ ಓದಿಸೋಣ’ ಎಂದು ಪತ್ರವನ್ನು ಫೈಲಿಗೆ ಸೇರಿಸಲಾಗುತ್ತದೆ; ಸರಕೂ ಹೊರಡುತ್ತದೆ. 24,000 ಯೂರೋ ಬಿಲ್ಲಿಗೆ 23,280 ಮಾತ್ರ ಜಮೆಯಾದಾಗ ಉದ್ಯಮಿಗೆ ಮೋಸವಾದಂತೆ ಅನಿಸುತ್ತದೆ. ಗ್ರಾಹಕನಿಗೆ, ಬರೆದು ತಿಳಿಸಿದರೂ ಸುಮ್ಮನಿದ್ದವರು ಈಗ ಜಗಳಕ್ಕೆ ಬಂದರೆಂದು ಅನಿಸುತ್ತದೆ. ಇಬ್ಬರೂ ಪ್ರಾಮಾಣಿಕರೇ. ಆದರೂ 720 ಯೂರೋ ಮತ್ತು ಮುಂದಿನ ಆದೇಶ ಎರಡೂ ಕೈತಪ್ಪುತ್ತವೆ. ಪತ್ರ ಬಂದ ದಿನವೇ ‘ವೀರ್ ವೀಡರ್‌ಶ್ಪ್ರೆಶೆನ್’ ಎಂಬ ಒಂದು ಸಾಲು, ಅದರ ಕೆಳಗೆ ಇಂಗ್ಲಿಷಿನಲ್ಲಿ ಕಾರಣ ಬರೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಎರಡು ದೇಶಗಳ ನಡುವಿನ ಕರಾರಿಗೆ ಯಾವ ಕಾನೂನು ಅನ್ವಯಿಸುತ್ತದೆಂಬುದು ಬೇರೆಯೇ ಪ್ರಶ್ನೆ. ಜರ್ಮನಿಯು 1980ರ ವಿಶ್ವಸಂಸ್ಥೆಯ ಸರಕು ಮಾರಾಟ ಒಡಂಬಡಿಕೆಗೂ ಸೇರಿದ ದೇಶ. ದೊಡ್ಡ ವ್ಯವಹಾರಗಳಲ್ಲಿ ವಕೀಲರ ಸಲಹೆ ಪಡೆದು ಇದನ್ನು ಕರಾರಿನಲ್ಲೇ ಬರೆಸಬೇಕು. ಮೊಬೈಲಿನ ಅನುವಾದ ತಂತ್ರಾಂಶಗಳು ಇಂದು ಪತ್ರದ ಸಾರಾಂಶವನ್ನು ನಿಮಿಷದಲ್ಲಿ ತಿಳಿಸುತ್ತವೆ, ಅವನ್ನು ಬಳಸಲೇಬೇಕು. ಆದರೆ ಯಾವ ಪತ್ರಕ್ಕೆ ಇಂದೇ ಉತ್ತರಿಸಬೇಕು ಎಂಬ ವಿವೇಚನೆ ವರ್ತಕನದೇ.

9. ಕಲಿಕೆಯ ಕ್ರಮ

ದಿನಕ್ಕೆ ಇಪ್ಪತ್ತು ನಿಮಿಷದಂತೆ ಎಂಟು ವಾರ ಸಾಕು. ಮೊದಲ ಎರಡು ವಾರ ಉಚ್ಚಾರಣೆ ಮತ್ತು ಸೌಜನ್ಯದ ಮಾತು; ಮುಂದಿನ ಮೂರು ವಾರ ಸಂಖ್ಯೆ ಮತ್ತು ಗಂಟೆ; ನಂತರದ ಎರಡು ವಾರ ಪತ್ರಗಳ ಹೆಸರು ಮತ್ತು ಖಚಿತಪಡಿಸುವ ಮಾತು; ಕೊನೆಯ ವಾರ ಪುನರಾವರ್ತನೆ. ಸಂಖ್ಯೆಗಳಿಗೆ ಬೇರೆ ಪಠ್ಯಪುಸ್ತಕ ಬೇಕಿಲ್ಲ. ಪ್ರತಿ ಸಂಜೆ ಅಂಗಡಿಯ ಮಾರಾಟ ಪುಸ್ತಕ ತೆರೆದು ಆ ದಿನದ ಹತ್ತು ಬಿಲ್ಲುಗಳ ಮೊತ್ತವನ್ನು ಜರ್ಮನ್ನಿನಲ್ಲಿ ಗಟ್ಟಿಯಾಗಿ ಓದಿದರೆ ಅಭ್ಯಾಸ ತಾನಾಗಿ ಆಗುತ್ತದೆ. ಕ್ರಮಬದ್ಧವಾಗಿ ಕಲಿಯಬೇಕೆನ್ನುವವರಿಗೆ ಬೆಂಗಳೂರಿನ ಗೋಥೆ ಸಂಸ್ಥೆ, ಅಂದರೆ ಮ್ಯಾಕ್ಸ್ ಮುಲ್ಲರ್ ಭವನ, ತರಗತಿಗಳನ್ನು ನಡೆಸುತ್ತದೆ. ಆರು ಹಂತಗಳಲ್ಲಿ ಮೊದಲನೆಯದಾದ ‘ಎ-1’ ವ್ಯಾಪಾರ ಪ್ರವಾಸಕ್ಕೆ ಒಳ್ಳೆಯ ಬುನಾದಿ.

ಅಭ್ಯಾಸ

(1) ‘ಜ಼ೆಕ್ಸ್‌ಉಂಟ್‌ನಾಯ್ನ್‌ತ್ಸಿಶ್’ ಎಷ್ಟು? (2) ‘ಹಾಲ್ಪ್ ಎಲ್ಫ್’ ಎಂದರೆ ಎಷ್ಟು ಗಂಟೆ? (3) ಪ್ಯಾಕಿಂಗ್ ಪಟ್ಟಿಯಲ್ಲಿ 1,750 ಟನ್ ಎಂದಿದ್ದರೆ ಎಷ್ಟು ಕಿಲೋ? (4) ಪತ್ರದ ತಲೆಬರಹ ‘ಮಾನುಂಗ್’ ಎಂದಿದ್ದರೆ ಮಾಡಬೇಕಾದದ್ದೇನು?

ಉತ್ತರ: (1) 96. (2) ಹತ್ತೂವರೆ. (3) 1750 ಕಿಲೋ. ಒಂದು ಸಾವಿರದ ಏಳುನೂರೈವತ್ತು ಟನ್ ಅಲ್ಲ. (4) ಬಾಕಿ ಇರುವ ಬಿಲ್ಲನ್ನು ಪರಿಶೀಲಿಸಿ ಕೂಡಲೇ ಪಾವತಿಸುವುದು ಅಥವಾ ಲಿಖಿತವಾಗಿ ಆಕ್ಷೇಪಿಸುವುದು.

ಜರ್ಮನ್ ಮತ್ತು ಕನ್ನಡದ ಸಂಬಂಧ ಹೊಸದಲ್ಲ. ಬಾಸೆಲ್ ಮಿಷನ್ನಿನ ಜರ್ಮನ್ ಭಾಷಿಕರು ಮಂಗಳೂರಿಗೆ ಬಂದಾಗ ಮೊದಲು ಕಲಿತದ್ದು ಇಲ್ಲಿಯ ಭಾಷೆಗಳನ್ನು. ಆ ಮಿಷನ್ನು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಸ್ಥಾಪಿಸಿತು. ಅದೇ ಬಳಗದ ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾಯಿತು. ಅಷ್ಟು ದೊಡ್ಡ ಸಾಧನೆ ಎಲ್ಲರಿಂದ ಸಾಧ್ಯವಿಲ್ಲ. ವ್ಯಾಪಾರಕ್ಕೆ ಅದು ಬೇಕಾಗಿಯೂ ಇಲ್ಲ. ನಮಸ್ಕಾರದ ಒಂದು ಮಾತು ಬಾಗಿಲು ತೆರೆಯುತ್ತದೆ, ಸರಿಯಾಗಿ ಕೇಳಿಸಿಕೊಂಡ ಸಂಖ್ಯೆ ಗಂಟನ್ನು ಕಾಯುತ್ತದೆ, ತಡಮಾಡದೆ ಬರೆದ ಒಂದು ಸಾಲಿನ ಉತ್ತರ ಕರಾರನ್ನು ಕಾಯುತ್ತದೆ. ವಿಮಾನದ ಟಿಕೆಟ್ ಕೊಳ್ಳುವ ಎರಡು ತಿಂಗಳ ಮೊದಲೇ ಈ ಮೂರನ್ನು ಸಿದ್ಧಪಡಿಸಿಕೊಂಡ ವರ್ತಕರಿಗೆ ಭಾಷೆಯ ಕಾರಣದಿಂದ ನಷ್ಟವಾಗುವ ಸಂದರ್ಭಗಳು ವಿರಳ.